ರೆನಾತೊ ಹೆಸರಿಡಲು ಹೋದ ಆರು ದಿನ

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರಿನಲ್ಲಿ ಹತ್ತಿದ ವಿಮಾನದಿಂದ ಸಿಂಗಪುರದಲ್ಲಿ ಇಳಿದಾಗ ಅಲ್ಲಿನ ಗಡಿಯಾರ ಸಂಜೆ ಐದೂವರೆ ತೋರಿಸುತ್ತಿತ್ತು. ಹಾರಿದ್ದು ನಾಲ್ಕೂವರೆ ಗಂಟೆ, ಉಳಿದ ಎರಡೂವರೆ ಗಂಟೆ ಎಲ್ಲಿ ಹೋಯಿತೆಂದು ಯಾರನ್ನೂ ಕೇಳುವಂತಿರಲಿಲ್ಲ. ಹೋಗಿ ಬರುವ ಟಿಕೆಟ್ಟಿಗೆ ಮೂವತ್ತೊಂದು ಸಾವಿರ ಕೊಟ್ಟವನು ನನ್ನ ತಮ್ಮ ಮೋಹನ. ಚನ್ನರಾಯಪಟ್ಟಣದಿಂದ ಬೆಂಗಳೂರಿನ ತನಕ ಹೆಂಗಸರಿಗೆ ಬಸ್ಸು ಬಿಟ್ಟಿ. ಹಾಗಾಗಿ ನನ್ನ ಕೈಯಿಂದ ಖರ್ಚಾದದ್ದು ವಿಮಾನ ನಿಲ್ದಾಣದ ಬಸ್ಸಿನ ಮುನ್ನೂರು ಚಿಲ್ಲರೆ ಮಾತ್ರ.

ನಾನು ಹೋದದ್ದು ಊರು ನೋಡಲಿಕ್ಕಲ್ಲ. ಮೋಹನನ ಮಗುವಿಗೆ ಎರಡೂವರೆ ತಿಂಗಳು ತುಂಬಿತ್ತು, ನಾಮಕರಣ ಭಾನುವಾರ ಎಂದು ನಿಶ್ಚಯವಾಗಿತ್ತು. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ಹೊರಡುವಾಗ ಅಮ್ಮ ಗೇಟಿನ ತನಕ ಬಂದು, "ಅವರ ಹೆಸ್ರು ಹೇಳಿ ಬಾ" ಎಂದಿದ್ದಳು. 'ಅವರು' ಎಂದರೆ ನಮ್ಮ ಮನೆಯಲ್ಲಿ ಒಬ್ಬರೇ, ನಾಲ್ಕು ವರ್ಷದ ಹಿಂದೆ ತೀರಿಕೊಂಡ ನಮ್ಮಪ್ಪ ನಂಜುಂಡಯ್ಯ. ಮೊದಲ ಮೊಮ್ಮಗನಿಗೆ ಆ ಹೆಸರು ಬರಲಿ ಎಂದು ಅಮ್ಮ ನಾಲ್ಕು ವರ್ಷವೂ ಕಾದಿದ್ದಳು.

ನಾನು ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಪ್ಪತ್ತೆರಡು ವರ್ಷದಿಂದ ಟ್ಯೂಬು ಟ್ಯೂಬಿಗೂ ಹೆಸರು ಬರೆದು ಅಂಟಿಸಿದ್ದೇನೆ. ಒಂದೇ ಹೆಸರಿನ ಇಬ್ಬರು ರೋಗಿಗಳು ಒಂದೇ ದಿನ ಬಂದರೆ ನನಗೆ ಊಟ ಸೇರುವುದಿಲ್ಲ. ಹೆಸರಿನ ವಿಷಯದಲ್ಲಿ ನಾನು ಸ್ವಲ್ಪ ಮೊಂಡಿ ಎಂಬುದನ್ನು ಓದುವವರು ಮೊದಲೇ ತಿಳಿದಿರಲಿ.

ವಿಮಾನ ನಿಲ್ದಾಣದಿಂದ ಮೋಹನನ ಮನೆ ಇರುವ ವುಡ್‌ಲ್ಯಾಂಡ್ಸ್ ಮೂವತ್ತು ಕಿಲೋಮೀಟರು, ಟ್ಯಾಕ್ಸಿಗೆ ಮೂವತ್ನಾಲ್ಕು ಡಾಲರ್. ಹೊರಗೆ ಮಳೆ ಹೊಯ್ದು ನಿಂತಿತ್ತು, ಸೆಕೆ ಮಾತ್ರ ಹಾಗೇ ಇತ್ತು. ಅರ್ಧ ದಾರಿ ದಾಟಿದ ಮೇಲೆ, ನನ್ನನ್ನು ಕರೆದೊಯ್ಯಲು ಬಂದಿದ್ದ ಮೋಹನ ಕಿಟಕಿಯ ಕಡೆ ಮುಖ ಮಾಡಿಕೊಂಡು ಬಾಯಿಬಿಟ್ಟ.

"ಅಕ್ಕ, ಒಂದ್ ವಿಷ್ಯ. ಬರ್ತ್ ರಿಜಿಸ್ಟ್ರೇಷನ್ ಆಲ್ರೆಡಿ ಮಾಡಿಸ್ಬಿಟ್ವಿ. ಇಲ್ಲಿ ಜಾಸ್ತಿ ಟೈಮ್ ಕೊಡಲ್ಲ. ಹೆಸ್ರು ರೆನಾತೊ ಅಂತ ಫಿಕ್ಸ್ ಆಗಿದೆ. ಕ್ಯಾರಾ ಅಪ್ಪನ ಹೆಸ್ರು."

ಕ್ಯಾರಾ ಮೋಹನನ ಹೆಂಡತಿ, ಇಟಲಿಯ ಹುಡುಗಿ. ನನಗೆ ಪಿತ್ತ ನೆತ್ತಿಗೇರಿತು. ಅಮ್ಮನಿಗೆ ಏನು ಹೇಳಲಿ ಎಂದು ಬಾಯಿ ತೆರೆದವಳು ಅಲ್ಲೇ ತಡೆದೆ. ನಮ್ಮ ಮನೆಯಲ್ಲಿ ಹಿರಿಯರು ಬದುಕಿರುವಾಗ ಅವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಇಟ್ಟರೆ ಅವರ ಆಯಸ್ಸು ಮಗುವಿನ ಪಾಲಾಗುತ್ತದೆಂಬ ಭಯ. ತೀರಿಕೊಂಡ ಮೇಲೆ ಮಾತ್ರ ಹೆಸರು ಕೆಳಗಿಳಿಯುತ್ತದೆ. ಎರಡು ವರ್ಷದ ಹಿಂದೆ ಮದುವೆಯ ಹೊತ್ತಿಗೆ ಕ್ಯಾರಾಳ ಅಪ್ಪನಿಗೆ ಹೃದಯದ ಆಪರೇಷನ್ ಆಗಿತ್ತು, ಬರಲಾಗಲಿಲ್ಲ ಎಂದು ಕೇಳಿದ್ದೆ. ತಾಯಿಯಂತೂ ಅವಳು ಕಾಲೇಜಿನಲ್ಲಿದ್ದಾಗಲೇ ಹೋಗಿದ್ದರು. ಅಯ್ಯೋ ಪಾಪ, ಈಗ ಅಪ್ಪನೂ ಹೋದರಲ್ಲ ಎಂದುಕೊಂಡೆ. ಕೋಪ ಅರ್ಧಕ್ಕರ್ಧ ಇಳಿಯಿತು.

"ಅರ್ಥ ಏನೋ ಅದ್ರದ್ದು?" ಎಂದೆ.

"ಮತ್ತೆ ಹುಟ್ಟಿದವನು ಅಂತೆ. ಲ್ಯಾಟಿನ್ ಇಂದ ಬಂದಿರೋದು."

ಇನ್ನೇನು ಬೇಕು? ಸತ್ತ ಅಜ್ಜನನ್ನು ಮೊಮ್ಮಗನಲ್ಲಿ ಕಾಣುವ ಆಸೆ ಅಷ್ಟು ದೂರದ ದೇಶದಲ್ಲೂ ಇದೆಯಲ್ಲ ಎಂದು ಮನಸ್ಸು ತುಂಬಿ ಬಂತು. ಆ ಹೆಣ್ಣುಮಗಳ ದುಃಖ ಕೆದಕಬಾರದೆಂದು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಈ ಕಥನ ಅರ್ಧ ಪುಟಕ್ಕೆ ಮುಗಿಯುತ್ತಿತ್ತು.

ಗುರುವಾರ ಮೋಹನ ಬೆಳಗಿನ ಆರಕ್ಕೇ ಕಂಪನಿ ಬಸ್ಸು ಹಿಡಿದು ಜುರಾಂಗ್ ಐಲ್ಯಾಂಡಿನ ಕಾರ್ಖಾನೆಗೆ ಹೋದ. ಹನ್ನೊಂದನೇ ಮಹಡಿಯ ಮನೆಯಲ್ಲಿ ನಾನು, ಕ್ಯಾರಾ, ಮಗು ಮೂವರೇ ಉಳಿದೆವು. ಕ್ಯಾರಾ ಉಬಿ ಎಂಬಲ್ಲಿ ಕಾಫಿ ಯಂತ್ರ ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದಾಳೆ, ಈಗ ಹೆರಿಗೆ ರಜೆ. ಮೋಹನನನ್ನು ಕೇಳಿ ಕೇಳಿ ಅವಳೂ ನನ್ನನ್ನು "ಅಕ್ಕಾ" ಎನ್ನುತ್ತಾಳೆ. ಉಳಿದದ್ದೆಲ್ಲ ಇಬ್ಬರ ಹರಕು ಇಂಗ್ಲಿಷಿನಲ್ಲಿ, ಅದನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

ಮಗು ಉಂಡೆಯಂತಿತ್ತು. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದೆ. ಕ್ಯಾರಾ ಜೀವ ಬಾಯಿಗೆ ಬಂದವಳಂತೆ ಪಕ್ಕದಲ್ಲೇ ನಿಂತು ನೋಡಿದಳು. ಮಗು ಅಳದೆ ಬೆಚ್ಚಗೆ ಕಣ್ಣು ಮುಚ್ಚಿದ್ದು ನೋಡಿ ನನ್ನ ಕೆನ್ನೆಗೆ ಮುತ್ತಿಟ್ಟಳು. ಸಮಯ ಸರಿಯಾಗಿದೆ ಅನಿಸಿ, "ನಿಮ್ಮ ಅಪ್ಪ ಈಗ ಇವನಲ್ಲೇ ಇದ್ದಾರೆ, ಧೈರ್ಯವಾಗಿರು" ಎಂದೆ.

"ಹೌದು ಅಕ್ಕಾ, ಮೂಗು ನೋಡಿ!" ಎಂದು ನಕ್ಕಳು.

ಎಂಥ ಗಟ್ಟಿ ಹೆಂಗಸು ಎಂದುಕೊಂಡೆ. ಅಪ್ಪನಿಗೆ ಏನು ಇಷ್ಟ ಎಂದು ಕೇಳಿದ್ದಕ್ಕೆ ಕಾಫಿ, ಹಾಲು ಸಕ್ಕರೆ ಎರಡೂ ಇಲ್ಲದ್ದು ಎಂದಳು. ಒಂದು ಫೋಟೊ ಇದ್ದರೆ ಕೊಡು ಎಂದದ್ದಕ್ಕೆ ಖುಷಿಯಿಂದ ಚೌಕಟ್ಟು ಹಾಕಿದ್ದನ್ನೇ ತಂದುಕೊಟ್ಟಳು. ಬಿಳಿ ಮೀಸೆ, ಮಲ್ಲಯುದ್ಧದವರ ಹೆಗಲು, ನೀಲಿ ಅಂಗಿ.

ಶುಭಕಾರ್ಯಕ್ಕೆ ಮೊದಲು ತೀರಿಕೊಂಡ ಹಿರಿಯರಿಗೆ ಎಡೆ ಇಡುವುದು ನಮ್ಮಲ್ಲಿ ನಡೆದು ಬಂದದ್ದು. ಶುಕ್ರವಾರ ಮಧ್ಯಾಹ್ನ ಉದ್ದಿನ ವಡೆ ಕರಿದು, ಶಾವಿಗೆ ಪಾಯಸ ಮಾಡಿ, ಮೋಹನನ ಕಪಾಟಿನ ಮೇಲಿದ್ದ ಅಪ್ಪನ ಫೋಟೊ ಪಕ್ಕ ಬೀಗರ ಫೋಟೊ ಇಟ್ಟೆ. ಇಬ್ಬರಿಗೂ ಸೇವಂತಿಗೆ. ಅಪ್ಪನ ಮುಂದೆ ಊರಿಂದ ತಂದ ಪುಡಿಯ ಫಿಲ್ಟರ್ ಕಾಫಿ, ಬೀಗರ ಮುಂದೆ ಕ್ಯಾರಾಳ ಯಂತ್ರದಿಂದ ಇಳಿಸಿದ ಕರಿ ಕಾಫಿ. ಕ್ಯಾರಾ ಒಳಗೆ ಮಗುವಿಗೆ ಹಾಲು ಕೊಡುತ್ತಿದ್ದಳು. ಮೋಹನ ಅರ್ಧ ದಿನ ರಜೆ ಹಾಕಿ, "ಕ್ಯಾರಾ ಮನೆಯವ್ರನ್ನ ಪಿಕ್ ಮಾಡ್ಕೊಂಡ್ ಬರ್ತೀನಿ" ಎಂದು ವಿಮಾನ ನಿಲ್ದಾಣಕ್ಕೆ ಹೋಗಿದ್ದ. ಚಿಕ್ಕಪ್ಪನೋ ಅಣ್ಣನೋ ಇರಬೇಕೆಂದು ನಾನೂ ಸುಮ್ಮನಿದ್ದೆ.

ಊದುಬತ್ತಿ ಹಚ್ಚಿ ತಿರುಗುವಷ್ಟರಲ್ಲಿ ಬಾಗಿಲು ತೆರೆಯಿತು. ಬಿಳಿ ಮೀಸೆ, ಮಲ್ಲಯುದ್ಧದವರ ಹೆಗಲು. ಅಂಗಿ ಮಾತ್ರ ಬೇರೆ. "ಪಾಪಾ!" ಎಂದು ಕ್ಯಾರಾ ಒಳಗಿನಿಂದ ಮಗುವನ್ನೆತ್ತಿಕೊಂಡೇ ಓಡಿ ಬಂದಳು.

ಅಪ್ಪಿ ಮುದ್ದಾಡಿದ್ದೆಲ್ಲ ಆದ ಮೇಲೆ ಬೀಗರ ಕಣ್ಣು ಕಪಾಟಿನ ಮೇಲೆ ಬಿತ್ತು. ಹೂವಿಟ್ಟ ತಮ್ಮ ಫೋಟೊ ನೋಡಿದರು. ಎದೆ ಮೇಲೆ ಕೈಯಿಟ್ಟುಕೊಂಡು ನನಗೆ ತಲೆ ಬಾಗಿಸಿದರು. ಆಮೇಲೆ ಆ ಕರಿ ಕಾಫಿಯನ್ನು ಎತ್ತಿ ಎರಡೇ ಗುಟುಕಿಗೆ ಕುಡಿದು, ಒಂದು ವಡೆಯನ್ನೂ ಬಾಯಿಗೆ ಹಾಕಿಕೊಂಡರು. ಯಾರಿಗೆ ಎಡೆ ಇಟ್ಟಿದ್ದೆನೋ ಅವರೇ ಬಂದು ತಿಂದದ್ದನ್ನು ನಮ್ಮ ವಂಶದಲ್ಲಿ ನೋಡಿದವಳು ನಾನೊಬ್ಬಳೇ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು, ಹನ್ನೊಂದನೇ ಮಹಡಿಯಾದ್ದರಿಂದ ಆ ಅನುಕೂಲವೂ ಇರಲಿಲ್ಲ.

ಸಂಜೆ ಮೋಹನನನ್ನು ಕೆಳಗಿನ ವಾಯ್ಡ್ ಡೆಕ್ಕಿಗೆ ಎಳೆದುಕೊಂಡು ಹೋದೆ. ಅಲ್ಲಿನ ಬಹುಮಹಡಿ ಮನೆಗಳ ಅಡಿಯಲ್ಲಿ ಹಾಗೆ ಖಾಲಿ ಜಾಗ ಬಿಟ್ಟಿರುತ್ತಾರೆ, ಕಲ್ಲಿನ ಬೆಂಚುಗಳಿರುತ್ತವೆ, ಜಗಳಕ್ಕೆ ಬಹಳ ಅನುಕೂಲ.

"ಅವ್ರು ಸತ್ತೋಗಿದಾರೆ ಅಂತ ಯಾರ್ ಹೇಳಿದ್ರು ನಿಂಗೆ?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೆಸ್ರು ಇಟ್ಟಿದೀಯಲ್ಲೋ! ಬದುಕಿರೋರ ಹೆಸ್ರು ಯಾರಾದ್ರೂ ಇಡ್ತಾರಾ?"

"ಅವ್ರ ಕಡೆ ಇಡ್ತಾರೆ ಅಕ್ಕ. ಅದು ಅವ್ರಿಗೆ ಆನರ್."

"ಆಪರೇಷನ್ ಆಗಿರೋ ಹೃದಯ ಕಣೋ ಅವರದ್ದು. ನಾಳೆ ಹೆಚ್ಚುಕಮ್ಮಿ ಆದ್ರೆ ಆ ಪಾಪ ನನ್ನ ಬಾಯಿಗೆ ಬರುತ್ತೆ. ನಾನು ಆ ಹೆಸ್ರು ಹೇಳಲ್ಲ. ಅಪ್ಪನ ಹೆಸ್ರು ಹೇಳ್ತೀನಿ, ಅಷ್ಟೇ."

ಅವನ ನಗು ನಿಂತಿತು. ಸ್ವಲ್ಪ ಹೊತ್ತು ಬೆಂಚಿನ ಅಂಚು ಕೆರೆದ.

"ನಂಜುಂಡ ಅಂತ ದಿನಾ ಕರಿಯೋಕೆ ನನ್ ಕೈಲಿ ಆಗಲ್ಲ ಅಕ್ಕ. ಅಪ್ಪ ಹೋದಾಗ ಬಾರ್ಡರ್ ಎಲ್ಲಾ ಕ್ಲೋಸ್ ಆಗಿತ್ತು. ನಾನು ಫೋನಲ್ಲಿ ನೋಡ್ದೆ. ಆ ಹೆಸ್ರು ಬಾಯಿಗೆ ಬಂದ್ರೆ ಆ ಸ್ಕ್ರೀನೇ ಕಣ್ಮುಂದೆ ಬರುತ್ತೆ."

ಅಷ್ಟು ವರ್ಷದಲ್ಲಿ ಅವನು ಆ ಮಾತೆತ್ತಿದ್ದು ಅದೇ ಮೊದಲು. ಅವನ ಬೆನ್ನು ಸವರಿದೆ. ಆದರೂ ಹೇಳುತ್ತೇನೆಂದು ಮಾತು ಕೊಡಲಿಲ್ಲ. ಒಂದು ಕಡೆ ಅಮ್ಮನ ಆಸೆ, ಇನ್ನೊಂದು ಕಡೆ ಬದುಕಿರುವ ಒಬ್ಬ ಮನುಷ್ಯನ ಆಯಸ್ಸು. ಭಾನುವಾರಕ್ಕೆ ಒಂದೇ ದಿನ ಉಳಿದಿತ್ತು.

ಶನಿವಾರ ನಾಮಕರಣಕ್ಕೆ ಹೂವು, ವೀಳ್ಯದೆಲೆ, ತೆಂಗಿನಕಾಯಿ ಬೇಕಿತ್ತು. ಲಿಟಲ್ ಇಂಡಿಯಾಕ್ಕೆ ನಾನೇ ಹೋಗುತ್ತೇನೆಂದೆ. ಬೀಗರೂ ಹೊರಟು ನಿಂತರು. ಅವರು ಇಟಲಿಯ ಜಿನೋವಾ ಬಂದರಿನ ಕಡೆಯವರು, ಹಡಗಿನ ಎಂಜಿನ್ ರಿಪೇರಿಯಲ್ಲಿ ನಲವತ್ತು ವರ್ಷ ಕಳೆದವರು. ಹರೆಯದಲ್ಲಿ ಮೂರು ಸಲ ಸಿಂಗಪುರದಲ್ಲಿ ಇಳಿದಿದ್ದರಂತೆ. ಅವರ ಇಂಗ್ಲಿಷು ಬಂದರುಗಳಲ್ಲಿ ಕಲಿತದ್ದು, ನನ್ನದು ಲ್ಯಾಬ್ ರಿಪೋರ್ಟುಗಳಲ್ಲಿ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ವುಡ್‌ಲ್ಯಾಂಡ್ಸಿನಿಂದ ಎಂ.ಆರ್.ಟಿ. ರೈಲು, ನ್ಯೂಟನ್ನಿನಲ್ಲಿ ಬದಲಾವಣೆ, ಎರಡು ಡಾಲರ್ ಚಿಲ್ಲರೆ, ಮುಕ್ಕಾಲು ಗಂಟೆ. ನಿಂತವರು ಕುಳಿತವರು ಎಲ್ಲರೂ ಫೋನಿನಲ್ಲಿ ಮುಳುಗಿದ್ದರು. ಬೀಗರು ಮಾತ್ರ ಪ್ರತಿ ನಿಲ್ದಾಣದ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದರು.

ಹೂವಿನವಳು ತಮಿಳಿನಲ್ಲಿ ಮಾತಾಡಿದಳು, ನಾನು ಕನ್ನಡದಲ್ಲೇ ಚೌಕಾಸಿ ಮಾಡಿದೆ, ಒಂದು ಡಾಲರ್ ಬಿಟ್ಟಳು. ಬಿಸಿಲಿಗೆ ಸಾಕಾಗಿ ಟೆಕ್ಕಾ ಮಾರ್ಕೆಟ್ಟಿನ ಹಾಕರ್ ಸೆಂಟರಿನಲ್ಲಿ, ಅಂದರೆ ತಿಂಡಿ ಅಂಗಡಿಗಳ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕುಳಿತೆವು. ಎರಡು ದೋಸೆ, ಎರಡು ಟೀ, ಒಂಬತ್ತು ಡಾಲರ್. ದೋಸೆ ನಮ್ಮ ಕಡೆಯದಕ್ಕಿಂತ ಹುಳಿ, ಸಾಂಬಾರು ಪರವಾಗಿಲ್ಲ.

"ನಿನ್ನೆ ನನ್ನ ಫೋಟೊಗೆ ಹೂವು ಯಾಕೆ?" ಎಂದು ಬೀಗರು ಕೇಳಿದರು. "ನಮ್ಮಲ್ಲಿ ಸೇವಂತಿಗೆ ಇಡುವುದು ಸಮಾಧಿಗೆ."

ಸುಳ್ಳು ಹೇಳಲು ಬರಲಿಲ್ಲ. ಬದುಕಿರುವವರ ಹೆಸರು ಇಡದ ನಮ್ಮ ಪದ್ಧತಿ, ಅವರು ಸತ್ತಿದ್ದಾರೆಂದು ನಾನು ಅಂದುಕೊಂಡದ್ದು, ಎಡೆ ಇಟ್ಟದ್ದು ಎಲ್ಲ ಹೇಳಿಬಿಟ್ಟೆ. ಅವರು ನಕ್ಕ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಕಣ್ಣೊರೆಸಿಕೊಂಡು, "ಹಾಗಾದರೆ ನಾಳೆ ನೀವು ನನ್ನ ಹೆಸರು ಹೇಳುವುದಿಲ್ಲ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

"ನನಗೆ ಹೆದರಿಕೆ" ಎಂದೆ.

ಅವರು ದೋಸೆಯ ತಟ್ಟೆ ಬದಿಗೆ ಸರಿಸಿದರು. ರೆನಾತೊ ಬಹಳ ಹಳೆಯ ಹೆಸರು, ಲ್ಯಾಟಿನ್ನಿನ 'ರೆನಾತುಸ್' ಎಂಬುದರಿಂದ ಬಂದದ್ದು, 'ರೆ' ಎಂದರೆ ಮತ್ತೆ, 'ನಾತುಸ್' ಎಂದರೆ ಹುಟ್ಟಿದವನು ಎಂದು ವಿವರಿಸಿದರು. ಮೊದಮೊದಲ ಕ್ರೈಸ್ತರು ದೀಕ್ಷೆ ಪಡೆದಾಗ ಹೊಸ ಜನ್ಮ ಬಂತೆಂದು ಈ ಹೆಸರು ಇಟ್ಟುಕೊಳ್ಳುತ್ತಿದ್ದರಂತೆ. ಆಮೇಲೆ ಮನೆಮನೆಗಳಲ್ಲಿ ಇನ್ನೊಂದು ಬಳಕೆ ಬಂತಂತೆ. ಹುಟ್ಟಿದ ಮಗು ಸತ್ತು, ಅದರ ಹಿಂದೆ ಇನ್ನೊಂದು ಗಂಡು ಹುಟ್ಟಿದರೆ ಅದಕ್ಕೆ ರೆನಾತೊ.

"ನನ್ನ ಅಣ್ಣ ಎಂಟು ತಿಂಗಳಿಗೆ ಹೋದ" ಎಂದರು. "ಒಂದೂವರೆ ವರ್ಷದ ಮೇಲೆ ನಾನು. ಅಮ್ಮ ಕರೆದಾಗ ಅವಳ ಕಣ್ಣು ನನ್ನನ್ನು ದಾಟಿ ಹಿಂದೆ ನೋಡುತ್ತಿತ್ತು. ಅವಳ ಮೇಲೆ ಕೋಪವಿಲ್ಲ. ಆದರೆ ಎಪ್ಪತ್ತೆರಡು ವರ್ಷ ನಾನು ಇಬ್ಬರ ಹೆಸರು ಹೊತ್ತಿದ್ದೇನೆ. ನಾಳೆ ಮೊದಲ ಸಲ ಈ ಹೆಸರು ಬದುಕಿರುವವನಿಂದ ಬದುಕಿರುವವನಿಗೆ ಹೋಗುತ್ತದೆ. ನನ್ನದು ಕಡಿಮೆಯಾಗುವುದಿಲ್ಲ. ನನಗೆ ಹಗುರವಾಗುತ್ತದೆ."

ಟೀ ಕುಡಿದೆ. ಅವರೇ, "ನಿಮ್ಮ ತಂದೆಯ ಹೆಸರಿಗೆ ಏನರ್ಥ?" ಎಂದು ಕೇಳಿದರು.

ನಂಜುಂಡ ಎಂದರೆ ವಿಷ ಉಂಡವನು, ಅದು ಶಿವನ ಹೆಸರು, ಲೋಕ ಉಳಿಯಲೆಂದು ಕುಡಿದ, ಸಾಯಲಿಲ್ಲ ಎಂದೆ. ಬೀಗರು ಮೇಜು ಗುದ್ದಿದರು.

"ನಾನು ಸತ್ತು ಹುಟ್ಟಬೇಕು. ಅವರು ವಿಷ ಕುಡಿದರೂ ಸಾಯುವುದೇ ಇಲ್ಲ! ಅವರ ಹೆಸರೇ ಗಟ್ಟಿ. ಅದನ್ನೂ ಹೇಳಿ. ನಿಮ್ಮ ತಾಯಿ ಅವರನ್ನು ಏನೆಂದು ಕರೆಯುತ್ತಿದ್ದರು? ನಂಜುಂಡ?"

"ಕರೆಯುತ್ತಿರಲಿಲ್ಲ. ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ. 'ರೀ' ಅನ್ನುತ್ತಿದ್ದಳು. ಪೋಸ್ಟಾಫೀಸಿನಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಕಡೆ ನೋಡುತ್ತಿದ್ದಳು, ನಾನು ಹೇಳುತ್ತಿದ್ದೆ."

"ಒಮ್ಮೆಯೂ ಇಲ್ಲವೇ? ಕೊನೆಯ ದಿನವೂ?"

"ಇಲ್ಲ" ಎಂದೆ. ನನಗದು ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ, ಆದರೂ ಅಂದು ಯಾಕೋ ಹೊಸದಾಗಿ ಕೇಳಿದಂತಾಯಿತು.

ಸಂಜೆ ಅಮ್ಮನಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದೆ. ಸರ್ಟಿಫಿಕೇಟಿನಲ್ಲಿ ಬೀಗರ ಹೆಸರು ಬಂದಿದೆ, ಬೀಗರು ಗಟ್ಟಿಮುಟ್ಟಾಗಿದ್ದಾರೆ, ಕಿವಿಯಲ್ಲಿ ಮೊದಲು ಆ ಹೆಸರನ್ನೇ ಹೇಳುತ್ತೇನೆ, ಆಮೇಲೆ ಅಪ್ಪನದು.

"ಕರೆಯೋದು ಯಾವ್ದು?" ಎಂದಳು.

"ರೆನಾತೊ ಅಂತ."

"ಹ್ಞೂಂ, ಸರಿ" ಎಂದು ಫೋನ್ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಮೋಹನ ಆ ಸಂಜೆ ಊಟದ ಮೇಜಿನಲ್ಲಿ ತಲೆ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಸ್ತ್ರ. ತೊಟ್ಟಿಲು ತಂದವರು ಪಕ್ಕದ ಬ್ಲಾಕಿನ ಸುಷ್ಮಾ, ಮೈಸೂರಿನವರು. ಯಾರೋ ಹದಿನೈದು ವರ್ಷದ ಹಿಂದೆ ಊರಿಂದ ತಂದ ತೇಗದ ತೊಟ್ಟಿಲಂತೆ, ಅಲ್ಲಿನ ಕನ್ನಡದವರ ಮನೆಯಿಂದ ಮನೆಗೆ ತಿರುಗುತ್ತಲೇ ಇದೆ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದು ಅವರ ಮಗಳು. "ಆಂಟಿ, ಅಜ್ಜಿ ಕಾಣಿಸ್ತಿದಾರೆ, ನೆಟ್‌ವರ್ಕ್ ಓಕೆ ಲಾ" ಎಂದಳು ಅಲ್ಲಿ ಬೆಳೆದ ಮಕ್ಕಳ ಧಾಟಿಯಲ್ಲಿ. ಪರದೆಯಲ್ಲಿ ಅಮ್ಮ ಹಸಿರು ಸೀರೆ ಉಟ್ಟು, ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲಿ ಕುಳಿತಿದ್ದಳು.

ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದಿಂದ 'ರೆನಾತೊ' ಎಂದು ಬರೆದೆ. ಅದರ ಕೆಳಗೆ 'ನಂಜುಂಡ'. ಬೀಗರು ಕನ್ನಡಕ ಏರಿಸಿ, ಅಕ್ಕಿಯಲ್ಲಿ ದುಂಡಗೆ ಕುಳಿತ ತಮ್ಮ ಹೆಸರನ್ನು ಫೋಟೊ ತೆಗೆದುಕೊಂಡರು. ಮಗುವನ್ನು ತೊಟ್ಟಿಲಿಗೆ ಹಾಕಿದರು. ನಾನು ಬಗ್ಗಿದೆ.

"ರೆನಾತೊ" ಎಂದು ಕಿವಿಯಲ್ಲಿ ಹೇಳಿದೆ. "ರೆನಾತೊ. ರೆನಾತೊ."

ತೊಟ್ಟಿಲ ಆಚೆಯಿಂದ ಬೀಗರು ಕೈಯೆತ್ತಿ, "ಇಲ್ಲೇ ಇದ್ದೇನೆ!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಶುಕ್ರವಾರದಿಂದ ನನ್ನ ಎದೆಯಲ್ಲಿ ಕೂತಿದ್ದ ಕಲ್ಲು ಅಲ್ಲೇ ಇಳಿಯಿತು.

"ಅಮ್ಮ, ಈಗ ಅಪ್ಪನ ಹೆಸ್ರು ಹೇಳ್ತೀನಿ" ಎಂದೆ.

"ಇರು" ಎಂದಳು ಅಮ್ಮ. ಅಂದು ಅವಳು ಆಡಿದ ಮೊದಲ ಮಾತದು. "ನೀನ್ ಹೇಳ್ಬೇಡ. ಫೋನ್ ಮಗು ಕಿವಿ ಹತ್ರ ಹಿಡಿ."

ಫೋನು ತೆಗೆದು ತೊಟ್ಟಿಲೊಳಗೆ ಹಿಡಿದೆ. ಬಗ್ಗಿದ್ದರಿಂದ ನನ್ನ ಕಿವಿಯೂ ಹತ್ತಿರವೇ ಇತ್ತು. ಅಮ್ಮ ಗಂಟಲು ಸರಿಮಾಡಿಕೊಂಡಳು. ಉಸಿರು ಎಳೆದುಕೊಂಡದ್ದು ಕೇಳಿಸಿತು.

"ನಂಜುಂಡಯ್ಯ" ಎಂದಳು.

ನನಗೆ ನಲವತ್ತಾರು ವರ್ಷ. ಅಮ್ಮನ ಬಾಯಲ್ಲಿ ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಎರಡನೇ ಸಲ ಹೇಳುವಾಗ ದನಿ ನಡುಗಿತು. ಮೂರನೇ ಸಲ ಗಟ್ಟಿಯಾಗಿ, ಹಿತ್ತಿಲಲ್ಲಿರುವವರನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ ಕರೆದಳು. ಮೋಹನ ತೊಟ್ಟಿಲ ಕಂಬ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಬೀಗರಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಅವರು ಹೋಗಿ ಅಳಿಯನನ್ನು ತಬ್ಬಿಕೊಂಡು ನಿಂತರು.

ಸೋಮವಾರ ಮಧ್ಯಾಹ್ನ ಮೋಹನನೇ ನಿಲ್ದಾಣಕ್ಕೆ ಬಿಟ್ಟ. ಟ್ಯಾಕ್ಸಿಯಲ್ಲಿ, ಮುಂದಿನ ಬೇಸಿಗೆಗೆ ಎಲ್ಲರೂ ಊರಿಗೆ ಬರುತ್ತೇವೆ, ಮಾವನೂ ಬರುತ್ತಾರಂತೆ ಎಂದ. ತಪಾಸಣೆಯ ಸಾಲು ಉದ್ದವಿತ್ತು. ತಿರುಗಿ ನೋಡಿದಾಗ ಗಾಜಿನಾಚೆ ಇನ್ನೂ ನಿಂತು ಕೈಬೀಸುತ್ತಿದ್ದ. ವಿಮಾನ ಹತ್ತುವ ಮೊದಲು ಅಮ್ಮನಿಗೆ ಫೋನು ಮಾಡಿದೆ.

"ರೆನಾತೊ ಏನ್ ಮಾಡ್ತಿದಾನೆ?" ಎಂದಳು. ಅಭ್ಯಾಸ ಮಾಡಿಕೊಂಡಿದ್ದಳೋ ಏನೋ, ಹೆಸರು ಸಲೀಸಾಗಿ ಬಂತು.

"ಯಾವ ರೆನಾತೊ ಅಮ್ಮ, ಅಜ್ಜನೋ ಮೊಮ್ಮಗನೋ?"

"ಇಬ್ರೂ."

"ಇಬ್ರೂ ಚೆನ್ನಾಗಿ ಉಂಡು ಮಲಗಿದಾರೆ" ಎಂದೆ.